ಗಂಟಿಲ್ಲದ ಕುಣಿಕೆ: ತೋಟದ ಜೀಪಿನ ವಿಂಚ್ ಹಗ್ಗದ ಒಂದು ಪ್ರಕರಣ

ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದ ಥಾರ್ ಜೀಪು. ಮುಂದಿನ ಬಂಪರಿನಲ್ಲಿ 9,500 ಪೌಂಡಿನ, ಅಂದರೆ ಸುಮಾರು 4.3 ಟನ್ ಎಳೆಯುವ ಎಲೆಕ್ಟ್ರಿಕ್ ವಿಂಚು, ಡ್ರಮ್ಮಿಗೆ ಹಗ್ಗ ಸುತ್ತಿಕೊಳ್ಳುತ್ತಾ ಭಾರ ಎಳೆಯುವ ಯಂತ್ರ. ಅದರ ಡ್ರಮ್ಮಿಗೆ 10 ಮಿಲಿಮೀಟರ್ ದಪ್ಪದ ಸಿಂಥೆಟಿಕ್ ಹಗ್ಗ, ಕೊಂಡಾಗ 28 ಮೀಟರ್. ಭಾನುವಾರ ಬಿಸಿಲೆ ಕಡೆ ಬಂದು ಬೇಕೆಂದೇ ಕೆಸರಿಗಿಳಿಸುವವರ ಗಾಡಿಯಲ್ಲ ಇದು. ಮಳೆಗಾಲದಲ್ಲಿ ರಸ್ತೆಗೆ ಅಡ್ಡ ಬಿದ್ದ ಸಿಲ್ವರ್ ಓಕ್ ಸರಿಸುವುದು, ಹೂತ ಟ್ರೈಲರ್ ಮೇಲೆತ್ತುವುದು, ಕೆರೆ ಪಕ್ಕದ ಪಂಪನ್ನು ದಡಕ್ಕೆ ಎಳೆಯುವುದು ಇದರ ನಿತ್ಯದ ಕೆಲಸ. ವಿಂಚಿಗೆ ಮೊದಲು ಉಕ್ಕಿನ ವೈರ್ ರೋಪ್ ಇತ್ತು. ಕೈಗೆ ಚುಚ್ಚುತ್ತದೆ, ಭಾರ ಎಂದು ಅದನ್ನು ತೆಗೆಸಿ ಸಿಂಥೆಟಿಕ್ ಹಾಕಿಸಿದ್ದರು. ಆ ತೀರ್ಮಾನ ಸರಿಯೇ. ಇದೇ ಉದ್ದದ ವೈರ್ ರೋಪ್ ಹತ್ತು ಕಿಲೋ ತೂಗಿದರೆ ಈ ಹಗ್ಗ ಎರಡು ಕಿಲೋಗೂ ಕಮ್ಮಿ.

ಆಗಸ್ಟ್ ಕೊನೆಯಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದು ಗೊಬ್ಬರ ಸಾಗಿಸುತ್ತಿದ್ದರು. ಮೂಟೆ ತುಂಬಿದ ಪಿಕಪ್ಪು ತೋಟದೊಳಗಿನ ಏರಿನ ತಿರುವಿನಲ್ಲಿ ಹಿಂದಿನ ಎರಡೂ ಚಕ್ರ ಹೂತು ನಿಂತಿತು. ಜೀಪನ್ನು ಮೇಲೆ ನಿಲ್ಲಿಸಿ, ಅದರ ಹಿಂಭಾಗವನ್ನು ಮರಕ್ಕೆ ಬಿಗಿದು, ವಿಂಚ್ ಹಾಕಿದರು. ಪಿಕಪ್ಪು ಅರ್ಧ ಅಡಿ ಬಂತು. ಅಷ್ಟರಲ್ಲಿ ಹಗ್ಗದ ತುದಿಯ ಕುಣಿಕೆಯೇ ಜಾರಿ ಬಿಚ್ಚಿಕೊಂಡಿತು. ಕೊಕ್ಕೆ ಪಿಕಪ್ಪಿನಲ್ಲೇ ಉಳಿಯಿತು. ಹಗ್ಗ ಹಿಂದಕ್ಕೆ ಬಂತು, ಜೊತೆಗೆ ಒಂದು ಕಬ್ಬಿಣದ ಕ್ಲಾಂಪು ಹಾರಿ ಬಂದು ಜೀಪಿನ ಗ್ರಿಲ್ ಒಡೆಯಿತು. ಡ್ರೈವರ್ ರಿಮೋಟ್ ಹಿಡಿದು ಬಾಗಿಲ ಹಿಂದೆ ನಿಂತಿದ್ದ, ಯಾರೋ ಬುದ್ಧಿವಂತರು ಹಗ್ಗದ ಮಧ್ಯಕ್ಕೆ ಒದ್ದೆ ಗೋಣಿಚೀಲ ಹಾಕಿದ್ದರು. ಯಾರಿಗೂ ಏಟಾಗಲಿಲ್ಲ. ಮೂಟೆಗಳನ್ನು ಇಳಿಸಿ, ಟ್ರ್ಯಾಕ್ಟರ್ ತರಿಸಿ, ಪಿಕಪ್ಪನ್ನು ಎತ್ತಿಕೊಂಡದ್ದಾಯಿತು.

ಮಾರನೆಯ ದಿನ ತೋಟದ ರೈಟರು, ಅಂದರೆ ಲೆಕ್ಕಪತ್ರ ನೋಡುವವರು, ನನಗೆ ಫೋನ್ ಮಾಡಿ ಕೇಳಿದ್ದು ಒಂದೇ: "ಹಗ್ಗ ತುಂಡಾಗಿಲ್ಲ, ತುದಿ ಬಿಚ್ಕಂಡಿದೆ. ಹೊಸದು ತರ್ಬೇಕಾ, ಇದನ್ನೇ ಸರಿ ಮಾಡ್ಬಹುದಾ?"

ಬಿಚ್ಚಿಕೊಂಡದ್ದು ಏಕೆ

ಕಾರ್ಖಾನೆಯಿಂದ ಬಂದಾಗ ಹಗ್ಗದ ತುದಿಯಲ್ಲಿ ಲೋಹದ ತಿಂಬಲ್ (ಕುಣಿಕೆಯ ಒಳಮೈ ಸವೆಯದಂತೆ ಕಾಯುವ ತೋಡಿನ ಬಳೆ) ಕೂರಿಸಿದ, ಒಳಗೇ ಹೆಣೆದ ಕುಣಿಕೆ ಇತ್ತಂತೆ. ಮರದ ದಿಮ್ಮಿ ಎಳೆದೂ ಎಳೆದೂ ಅದು ಸವೆಯಿತು. ಹಿಂದಿನ ವರ್ಷ ಪೇಟೆಯ ಒಂದು ಅಂಗಡಿಯಲ್ಲಿ ಆ ತುದಿ ಕತ್ತರಿಸಿ, ಅದೇ ತಿಂಬಲ್ಲಿನ ಸುತ್ತ ಹಗ್ಗ ಮಡಚಿ, ಒಂದು ಗಂಟು ಹಾಕಿ, ಗಂಟಿನ ಹಿಂದೆ ಎರಡು ಯು-ಕ್ಲಾಂಪ್ ಬಿಗಿದು ಕೊಟ್ಟಿದ್ದರು. ನೋಡಲು ಗಟ್ಟಿಮುಟ್ಟು. ಸ್ಪ್ಯಾನರ್ ಹಾಕಿ ತಿರುಗಿಸಿದ ನಟ್ಟು ಕಾಣುತ್ತಿದ್ದರೆ ಯಾರಿಗಾದರೂ ನಂಬಿಕೆ ಬರುತ್ತದೆ. ವೈರ್ ರೋಪ್ ಆಗಿದ್ದರೆ ಅಂಥ ಕ್ಲಾಂಪು, ಸರಿಯಾದ ಸಂಖ್ಯೆಯಲ್ಲಿ ಸರಿಯಾದ ಮಗ್ಗುಲಿಗೆ ಹಾಕಿದ್ದರೆ, ಕೆಲಸ ಮಾಡುತ್ತಿತ್ತು.

ಈ ಹಗ್ಗದ ಜಾತಿ ಬೇರೆ. ನೂಲು ಪಾಲಿಥೀನ್, ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿನ ವಂಶದ್ದೇ. ಆದರೆ ಇದರ ಅಣುಸರಪಳಿಗಳು ಬಹಳ ಉದ್ದ, ಮತ್ತು ನೂಲು ತೆಗೆಯುವಾಗಲೇ ಎಲ್ಲವನ್ನೂ ಒಂದೇ ದಿಕ್ಕಿಗೆ ಎಳೆದು ಸಾಲಾಗಿ ಮಲಗಿಸಿರುತ್ತಾರೆ. ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1979ರ ಹೊತ್ತಿಗೆ ಕಂಡುಕೊಂಡ ಜೆಲ್ ಸ್ಪಿನ್ನಿಂಗ್ ವಿಧಾನ ಅದು. ಡೈನೀಮಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ನೂಲು ಇದೇ. ನೀರಿಗಿಂತ ಹಗುರ, ತೇಲುತ್ತದೆ. 10 ಮಿ.ಮೀ. ಹಗ್ಗ ಹೊಸದಾಗಿದ್ದಾಗ 8 ಟನ್ನಿಗೂ ಮೀರಿ ತಡೆಯುತ್ತದೆ. ಎರಡು ದೌರ್ಬಲ್ಯಗಳಿವೆ: ಬಲು ಜಾರು, ಮತ್ತು ಶಾಖ ತಡೆಯದು. 145 ಡಿಗ್ರಿ ಆಸುಪಾಸಿನಲ್ಲಿ ಕರಗಿಯೇ ಹೋಗುತ್ತದೆ, ಅದಕ್ಕೂ ಎಷ್ಟೋ ಮುಂಚೆ ಬಲ ಕಳೆದುಕೊಳ್ಳುತ್ತದೆ.

ಜಾರು ಹಗ್ಗಕ್ಕೆ ಗಂಟು ಹಾಕಿದರೆ ಎರಡು ಕಡೆಯಿಂದ ನಷ್ಟ. ಗಂಟಿನ ಕಡಿದಾದ ತಿರುವಿನಲ್ಲಿ ಹೊರಮಗ್ಗುಲಿನ ನೂಲುಗಳೇ ಎಲ್ಲಾ ಭಾರ ಹೊರುತ್ತವೆ, ಹಗ್ಗದ ಅರ್ಧ ಬಲವೂ ಉಳಿಯುವುದಿಲ್ಲ. ಅದಕ್ಕೂ ಮುಂಚೆ ಗಂಟೇ ಜಾರಿಬಿಡಬಹುದು. ಇಲ್ಲಿ ಆದದ್ದು ಎರಡನೆಯದು. ಬಿಚ್ಚಿದ ತುದಿಯನ್ನು ಕೈಯಲ್ಲಿ ಹಿಡಿದರೆ ಸುಮಾರು ಒಂದು ಅಡಿ ಉದ್ದಕ್ಕೆ ಹಗ್ಗ ಗಾಜು ಬಳಿದ ಹಾಗೆ ಹೊಳೆಯುತ್ತಿತ್ತು, ಉಗುರು ಕೊಟ್ಟರೆ ಇಳಿಯುತ್ತಿರಲಿಲ್ಲ. ಕ್ಲಾಂಪಿನ ಕೆಳಗೆ ಭಾರದಲ್ಲಿ ಜಾರುವಾಗ ಹುಟ್ಟಿದ ಬಿಸಿಗೆ ಮೇಲಿನ ನೂಲು ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಕ್ಲಾಂಪಿನ ಹಲ್ಲು ಕೂತ ಕಡೆ ಎಳೆಗಳು ಅರ್ಧಂಬರ್ಧ ಕತ್ತರಿಸಿಯೂ ಹೋಗಿದ್ದವು.

ಹಗ್ಗದ ಮೇಲೆ ಎಷ್ಟು ಭಾರ ಬಿದ್ದಿರಬಹುದು? ಮೂಟೆ ಸಮೇತ ಪಿಕಪ್ಪು ಸುಮಾರು 3 ಟನ್. ಚಕ್ರದ ಮಟ್ಟಕ್ಕೆ ಹೂತ ಗಾಡಿ ಎತ್ತಲು ಗಾಡಿಯ ತೂಕದಷ್ಟೇ ಎಳೆತ ಬೇಕು ಎಂಬುದು ರಿಕವರಿ ಮಾಡುವವರ ಅಂದಾಜು. ಏರಿನ ಪ್ರತಿ ಡಿಗ್ರಿಗೆ ತೂಕದ ಅರವತ್ತನೆಯ ಒಂದು ಪಾಲು ಸೇರಿಸಬೇಕು. ಹತ್ತು ಡಿಗ್ರಿ ಏರು ಅಂದುಕೊಂಡರೆ ಅರ್ಧ ಟನ್. ಒಟ್ಟು ಮೂರೂವರೆ. ವಿಂಚಿನ 4.3 ಟನ್ ಎಂಬ ಲೆಕ್ಕ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ. ಮೇಲಿನ ಪದರಗಳಿಗೆ ಹೋದಂತೆ ಎಳೆತ ಕಮ್ಮಿಯಾಗುತ್ತದೆ. ಅಂದರೆ ವಿಂಚು ತನ್ನ ಮಿತಿಯ ಅಂಚಿನಲ್ಲಿತ್ತು, ಹಗ್ಗ ತನ್ನ ಅರ್ಧ ಬಲವನ್ನೂ ಮುಟ್ಟಿರಲಿಲ್ಲ. ಸೋತದ್ದು ತುದಿಯೊಂದೇ. ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಹಾಕಿ ಹಗ್ಗವನ್ನು ಜೋಡಿ ಮಾಡಿದ್ದರೆ ಭಾರ ಅರ್ಧಕ್ಕೆ ಇಳಿದು ಈ ಗಂಟು ಇನ್ನೊಂದಷ್ಟು ಕಾಲ ಮೋಸ ಮಾಡುತ್ತಿತ್ತು, ಅಷ್ಟೇ.

ಪೂರಾ ಬಿಚ್ಚಿ ನೋಡಿದಾಗ

ತುದಿ ಸರಿ ಮಾಡುವ ಮೊದಲು ಹಗ್ಗ ಉಳಿಸಿಕೊಳ್ಳಲು ಯೋಗ್ಯವೇ ಎಂದು ತಿಳಿಯಬೇಕು. ಕಾಫಿ ಕಣದ ಸಿಮೆಂಟಿನ ಮೇಲೆ ಡ್ರಮ್ಮಿನಿಂದ ಪೂರಾ ಬಿಚ್ಚಿ, ಬಕೆಟ್ಟಿನ ನೀರಿನಲ್ಲಿ ತೊಳೆದೆವು. ಬಂದ ನೀರು ಕೆಂಪು ಕೆಸರು. ಎಳೆಗಳ ನಡುವೆ ಸೇರಿದ ಮರಳು ಒಳಗಿನಿಂದ ಉಜ್ಜುತ್ತಲೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ಅದಕ್ಕೇ ತೊಳೆಯದೆ ಪರೀಕ್ಷೆ ಮಾಡಬಾರದು.

ಮೈಮೇಲೆ ಎದ್ದ ಜುಂಗು ನೋಡಿ ಗಾಬರಿ ಬೀಳಬೇಕಿಲ್ಲ. ಹೊಸ ಹಗ್ಗದಲ್ಲೂ ಮೊದಲ ಕೆಲವು ಎಳೆತಕ್ಕೆ ಜುಂಗು ಏಳುತ್ತದೆ, ಒಳಗಿನ ನೂಲಿಗೆ ಅದೇ ಹೊದಿಕೆ. ಹುಡುಕಬೇಕಾದ್ದು ಕತ್ತರಿಸಿದ ಎಳೆ, ತೆಳ್ಳಗಾದ ಜಾಗ, ಗಟ್ಟಿಯಾದ ಜಾಗ. ಡ್ರಮ್ಮಿನ ಹತ್ತಿರದ ಮೊದಲ ಸುತ್ತುಗಳು ಚಪ್ಪಟೆಯಾಗಿ ಬಿರುಸಾಗಿದ್ದವು. ಇಂಥ ವಿಂಚುಗಳಲ್ಲಿ ಬ್ರೇಕು ಡ್ರಮ್ಮಿನ ಒಳಗೇ ಇರುತ್ತದೆ. ಭಾರ ಕಟ್ಟಿಕೊಂಡು ಹಗ್ಗ ಬಿಡುತ್ತಾ ಇಳಿಸಿದರೆ ಡ್ರಮ್ಮು ಕಾದು ಒಳಗಿನ ಪದರ ಬೆಂದುಹೋಗುತ್ತದೆ. ಹಾಗಾಗಿದೆಯೋ ಎಂದು ಆ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬಗ್ಗಿಸಿದೆ. ನಾಲ್ಕಾರು ಸಲ ಬಗ್ಗಿಸಿದ ಮೇಲೆ ಎಳೆಗಳು ಬಿಡಿಬಿಡಿಯಾಗಿ ಮೆತ್ತಗಾದವು. ಒತ್ತಡಕ್ಕೆ ಚಪ್ಪಟೆಯಾದದ್ದು, ಕರಗಿದ್ದಲ್ಲ. ಕರಗಿದ್ದರೆ ಎಷ್ಟು ಬಗ್ಗಿಸಿದರೂ ಕಡ್ಡಿಯ ಹಾಗೇ ಇರುತ್ತಿತ್ತು.

ತುದಿಯಿಂದ ಐದು ಮೀಟರ್ ಒಳಗೆ ಒಂದು ಎಳೆ ಪೂರ್ತಿ ಕತ್ತರಿಸಿತ್ತು, ಪಕ್ಕದ್ದು ಅರ್ಧ. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಬಂಪರಿನ ರೋಲರ್ ಫೇರ್‌ಲೀಡ್, ಅಂದರೆ ಹಗ್ಗ ಹಾದುಹೋಗುವ ಉರುಳೆಗಳ ಬಾಯಿ, ವೈರ್ ರೋಪ್ ಕಾಲದ್ದು. ಉಕ್ಕಿನ ತಂತಿ ಅದರ ಮೂಲೆಗಳಲ್ಲಿ ಕೊರೆದ ಗೀರು, ಎದ್ದ ಮುಳ್ಳು ಬೆರಳಿಗೇ ಸಿಗುತ್ತಿತ್ತು. ಹಗ್ಗ ಬದಲಿಸಿದವರು ಇದನ್ನು ಬದಲಿಸಿರಲಿಲ್ಲ. ನನ್ನ ಮಟ್ಟಿಗೆ ಇದು ಗಂಟಿಗಿಂತ ದೊಡ್ಡ ತಪ್ಪು, ಏಕೆಂದರೆ ಹೊಸ ಹಗ್ಗ ತಂದಿದ್ದರೂ ಅದೇ ಮುಳ್ಳು ಅದನ್ನೂ ತಿನ್ನುತ್ತಿತ್ತು. ಅಲ್ಯೂಮಿನಿಯಮ್ಮಿನ, ನುಣುಪು ಬಾಯಿಯ ಹಾಸ್ ಫೇರ್‌ಲೀಡ್ ತರಿಸಲು ಅವತ್ತೇ ಹೇಳಿದೆ.

ಕತ್ತರಿಸಿದ ಎಳೆಯವರೆಗೂ ತೆಗೆದುಬಿಡುವುದೆಂದು ತೀರ್ಮಾನ. ಮೊದಲೇ ಕತ್ತರಿಸಿಕೊಂಡು ಬಂದದ್ದೂ ಸೇರಿ ಉಳಿದದ್ದು 21 ಮೀಟರ್. ರೈಟರಿಗೆ ಇದು ಒಪ್ಪಿಗೆಯಾಗಲಿಲ್ಲ, ಐದು ಮೀಟರ್ ದುಡ್ಡು ನೆಲಕ್ಕೆ ಹೋಯಿತಲ್ಲ ಎಂಬ ಸಂಕಟ. ಆದರೆ ಹಗ್ಗ ಗಿಡ್ಡವಾದಷ್ಟೂ ಡ್ರಮ್ಮಿನ ಮೇಲೆ ಪದರ ಕಮ್ಮಿ, ವಿಂಚಿಗೆ ಬಲ ಜಾಸ್ತಿ. ಇನ್ನೂ ಉದ್ದ ಬೇಕಾದಾಗ ಸೇರಿಸಿಕೊಳ್ಳಲು ಎಕ್ಸ್‌ಟೆನ್ಶನ್ ಹಗ್ಗ ಸಿಗುತ್ತದೆ.

ಯಾವ ಕುಣಿಕೆ

ಗೌಡರಿಗೆ, ಅಂದರೆ ತೋಟದ ಯಜಮಾನರಿಗೆ, ಕೊಕ್ಕೆಯೇ ಬೇಕಿತ್ತು. ಕೊಕ್ಕೆ ಬೇಕಾದರೆ ತಿಂಬಲ್ ಬೇಕು. ಬರಿಯ ಹಗ್ಗವನ್ನು ಕೊಕ್ಕೆಯ ತೆಳು ಕಬ್ಬಿಣಕ್ಕೆ ಕೂರಿಸಿದರೆ ಅದು ಅಲ್ಲೇ ಕತ್ತರಿಸಿಕೊಳ್ಳುತ್ತದೆ. ನಾನು ಹೇಳಿದ್ದು ಸಾಫ್ಟ್ ಐ: ತಿಂಬಲ್ ಇಲ್ಲದ, ಪೂರಾ ಹಗ್ಗದ್ದೇ ಆದ ಕುಣಿಕೆ. ಅದಕ್ಕೆ ಸಾಫ್ಟ್ ಶ್ಯಾಕಲ್ (ಹಗ್ಗದಿಂದಲೇ ಮಾಡಿದ ಕೊಂಡಿ) ಹಾಕಬಹುದು, ಇಲ್ಲವೇ ಅವರ ಬಳಿ ಇದ್ದ 4.75 ಟನ್ನಿನ ಬೋ ಶ್ಯಾಕಲ್ (ಪಿನ್ನು ತಿರುಗಿಸಿ ಮುಚ್ಚುವ ಉಕ್ಕಿನ ಕೊಂಡಿ) ಹಾಕಬಹುದು. ವಾದಕ್ಕೆ ಒಡೆದ ಗ್ರಿಲ್ಲೇ ಸಾಕಾಯಿತು. ಈ ಹಗ್ಗ ಬಲು ಹಗುರವಾದ್ದರಿಂದ ತುಂಡಾದರೂ ವೈರ್ ರೋಪಿನಷ್ಟು ಜೋರಾಗಿ ಬೀಸುವುದಿಲ್ಲ. ಅಪಾಯ ಇರುವುದು ಅದರ ತುದಿಗೆ ಕಟ್ಟಿದ ಕಬ್ಬಿಣದಲ್ಲಿ. ತುದಿಯಲ್ಲಿ ಕಬ್ಬಿಣವೇ ಇಲ್ಲದಿದ್ದರೆ ಹಾರಿ ಬರಲು ಏನೂ ಇರುವುದಿಲ್ಲ.

ಮುಂದಿನ ಪ್ರಶ್ನೆ, ಕುಣಿಕೆ ಹೆಣೆಯುವ ವಿಧಾನದ್ದು. ಹನ್ನೆರಡು ಎಳೆಯ ಈ ಜಡೆ ಹಗ್ಗ ನಡುವೆ ಟೊಳ್ಳು. ಹಗ್ಗದ ತುದಿಯನ್ನು ಅದೇ ಹಗ್ಗದ ಹೊಟ್ಟೆಯೊಳಗೆ ತೂರಿಸಬಹುದು. ಭಾರ ಬಿದ್ದಾಗ ಹೊರಗಿನ ಜಡೆ ಉದ್ದವಾಗಿ ಎಳೆದುಕೊಂಡು ಸಣ್ಣಗಾಗುತ್ತದೆ, ಒಳಗಿರುವ ತುದಿಯನ್ನು ಸುತ್ತಲಿಂದ ಹಿಸುಕುತ್ತದೆ. ಜೋರಾಗಿ ಎಳೆದಷ್ಟೂ ಬಿಗಿಯಾಗಿ ಹಿಡಿಯುತ್ತದೆ. ಸರಿಯಾಗಿ ಮಾಡಿದ ಇಂಥ ಹೆಣಿಗೆಯಲ್ಲಿ, ಅಂದರೆ ಸ್ಪ್ಲೈಸಿನಲ್ಲಿ, ಹಗ್ಗದ ಬಲ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ.

ಆಫ್‌ರೋಡ್ ಮಾಡುವ ಹುಡುಗರಿಗೆ ಬ್ರಮ್ಮೆಲ್ ಲಾಕ್ ಎಂದರೆ ಅಚ್ಚುಮೆಚ್ಚು. ಎರಡು ಹಗ್ಗ ಒಂದರ ಮೂಲಕ ಒಂದು ಹಾದು ಕುಣಿಕೆಯ ಬುಡದಲ್ಲಿ ಕತ್ತರಿಯ ಹಾಗೆ ಸಿಕ್ಕಿಕೊಳ್ಳುವ ಹೆಣಿಗೆ ಅದು. ನೋಡಲು ಚೆಂದ, ಸಡಿಲ ಹಗ್ಗವನ್ನು ಎಸೆದಾಡಿದರೂ ಬಿಚ್ಚಿಕೊಳ್ಳುವುದಿಲ್ಲ. ಅದು ಮಾಡುವ ಕೆಲಸ ಅಷ್ಟೇ. ಭಾರ ಹೊರುವುದು ಒಳಗೆ ಹೋದ ಬಾಲ. ಬ್ರಮ್ಮೆಲ್ ಹಾಕಿದ್ದೇನಲ್ಲ ಎಂದು ಬಾಲವನ್ನು ಗೇಣುದ್ದಕ್ಕೆ ನಿಲ್ಲಿಸಿದ ಕುಣಿಕೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಮೇಲೆ ಬ್ರ್ಯಾಂಡಿನ ಸ್ಟಿಕರ್ ಬೇರೆ. ಯು-ಕ್ಲಾಂಪ್ ನಂಬುವುದಕ್ಕೂ ಇದಕ್ಕೂ ನನಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಕಣ್ಣಿಗೆ ಕಾಣುವ ಬಿಗಿಯ ಮೇಲೆ ಭರವಸೆ ಇಟ್ಟು, ಕಾಣದ ಉದ್ದದಲ್ಲಿ ಜಿಪುಣತನ ಮಾಡಿರುತ್ತಾರೆ.

ಈ ತೋಟಕ್ಕೆ ಬ್ರಮ್ಮೆಲ್ ಬೇಡ ಎಂದೆ. ಮುಂದೆ ಕುಣಿಕೆ ಸವೆದಾಗ ತೋಟದವರೇ, ಹಗ್ಗ ಡ್ರಮ್ಮಿನಲ್ಲಿದ್ದಂತೆಯೇ, ಒಂದೇ ತುದಿ ಕೈಯಲ್ಲಿಟ್ಟುಕೊಂಡು ಮತ್ತೆ ಮಾಡಿಕೊಳ್ಳಬೇಕು. ಇನ್ನೊಂದು ತುದಿ ಸಿಗದೆ ಬ್ರಮ್ಮೆಲ್ ಹಾಕಲು ಹಗ್ಗವನ್ನು ಒಳಹೊರಗೆ ಮಗುಚುವ ಕಸರತ್ತು ಬೇಕು. ಕಲಿತವರಿಗೂ ಮಳೆಯಲ್ಲಿ ತಲೆ ಕೆಡುತ್ತದೆ. ನೇರ ತೂರಿಸಿ, ಬುಡದಲ್ಲಿ ದಾರದ ಹೊಲಿಗೆ ಹಾಕುವುದು ಸಾಕು. ಹಗ್ಗ ತಯಾರಿಸುವವರ ಸೂಚನೆಗಳಲ್ಲೂ ಈ ಹೊಲಿಗೆಯ ವಿಧಾನ ಇದೆ.

ಕಣದ ಮೇಲೆ ಕೆಲಸ

ತೋಟದ ಮನೆ ಕೆಲಸಕ್ಕಿದ್ದವರಲ್ಲಿ ಒಬ್ಬರು ಗಂಗೊಳ್ಳಿ ಕಡೆಯವರು, ಹಿಂದೆ ಬೋಟಿನಲ್ಲಿ ದುಡಿದವರು. ಮೂರು ಎಳೆಯ ಹಗ್ಗಕ್ಕೆ ಕಣ್ಣು ಮುಚ್ಚಿಕೊಂಡು ಕುಣಿಕೆ ಹೆಣೆಯುತ್ತಾರೆ: ತುದಿಯ ಮೂರು ಎಳೆ ಬಿಡಿಸಿ ಒಂದರ ಮೇಲೆ ಒಂದರ ಕೆಳಗೆ ಸಿಕ್ಕಿಸುತ್ತಾ ಹೋಗುವುದು. ಇದಕ್ಕೂ ಹಾಗೇ ಮಾಡಿದರಾಯಿತು ಎಂಬುದು ಅವರ ಮಾತು. ಜಡೆ ಹೆಣೆದ ಈ ನುಣುಪು ಹಗ್ಗಕ್ಕೆ ಅದು ಒಗ್ಗುವುದಿಲ್ಲ ಎಂದು ಹೇಳಿದ್ದಕ್ಕೆ ನಕ್ಕರು, ಆದರೆ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಒಂದೊಂದು ಹಂತವನ್ನೂ ನೋಡಿದರು.

ಅಳತೆಯೇ ಅರ್ಧ ಕೆಲಸ. ಒಳಗೆ ಹೋಗಬೇಕಾದ ಬಾಲ ಹಗ್ಗದ ದಪ್ಪದ 72 ಪಟ್ಟು ಎಂಬುದು ಈ ಜಾತಿಯ ಹಗ್ಗಕ್ಕೆ ರೂಢಿಯ ಲೆಕ್ಕ. 10 ಮಿ.ಮೀ.ಗೆ 72 ಸೆಂಟಿಮೀಟರ್. ಹಗ್ಗ ಹಳೆಯದು, ಕೆಲಸ ಒರಟು ಎಂದು ನಾನು 80 ಇಟ್ಟೆ. ತುದಿಯಿಂದ 80 ಸೆಂ.ಮೀ.ಗೆ ಮಾರ್ಕರಿನಲ್ಲಿ ಒಂದು ಗುರುತು. ಅಲ್ಲಿಂದ 30 ಸೆಂ.ಮೀ. ಬಿಟ್ಟು ಎರಡನೆಯದು, ಈ 30 ಮಡಚಿದಾಗ 15 ಸೆಂ.ಮೀ. ಉದ್ದದ ಕುಣಿಕೆಯಾಗುತ್ತದೆ. ಶ್ಯಾಕಲ್ಲಿನ ಪಿನ್ನು 22 ಮಿ.ಮೀ. ದಪ್ಪ. ಕುಣಿಕೆಯ ಉದ್ದ ಪಿನ್ನಿನ ದಪ್ಪದ ಮೂರು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಎರಡು ಕಾಲು ಅಗಲವಾಗಿ ತೆರೆದುಕೊಂಡು ಬುಡವನ್ನು ಹರಿಯುತ್ತವೆ. 15 ಸೆಂ.ಮೀ. ಧಾರಾಳ. ಎರಡನೆಯ ಗುರುತಿನಿಂದ ಡ್ರಮ್ಮಿನ ಕಡೆಗೆ 90 ಸೆಂ.ಮೀ. ದೂರದಲ್ಲಿ ಮೂರನೆಯ ಗುರುತು, ಬಾಲ ಹೊರಬರುವ ಜಾಗ.

ಮೊದಲು ಬಾಲ ಚೂಪು ಮಾಡಬೇಕು. ಹೆಚ್ಚಿನವರು ಹಾರಿಸುವ ಹಂತ ಇದು. ದಪ್ಪ ತುದಿಯನ್ನು ಹಾಗೇ ಒಳಗೆ ಬಿಟ್ಟರೆ ಅದು ಮುಗಿಯುವ ಕಡೆ ಹೊರಜಡೆ ಥಟ್ಟನೆ ಮೆಟ್ಟಿಲಿಳಿಯುತ್ತದೆ, ಹಗ್ಗ ತುಂಡಾಗುವುದಾದರೆ ಅಲ್ಲೇ. ಹನ್ನೆರಡು ಎಳೆಯಲ್ಲಿ ಆರು ಬಲಕ್ಕೆ ಸುತ್ತುತ್ತವೆ, ಆರು ಎಡಕ್ಕೆ. ಕೊನೆಯ 25 ಸೆಂ.ಮೀ.ನಲ್ಲಿ ಸಮ ಅಂತರಕ್ಕೆ ಬಲದ್ದೊಂದು ಎಡದ್ದೊಂದು ಎಳೆಯನ್ನು ಹೊರಗೆಳೆದು ಕತ್ತರಿಸುತ್ತಾ ಹೋದೆ. ಕೊನೆಯಲ್ಲಿ ಉಳಿದದ್ದು ಎರಡೇ ಎಳೆ. ಬಾಲ ಇಲಿಬಾಲದಂತಾಯಿತು. ಕತ್ತರಿಸಲು ಹೊಸ ಬ್ಲೇಡೇ ಬೇಕು, ಮೊಂಡು ಚಾಕುವಿನ ಕೆಳಗೆ ಈ ನೂಲು ಜಾರಿ ಓಡುತ್ತದೆ. ಲೈಟರಿನಲ್ಲಿ ಸುಟ್ಟು ತುದಿ ಮುಚ್ಚುವ ಅಭ್ಯಾಸ ಇಲ್ಲಿ ಬೇಡ, ಕರಗಿ ಗಟ್ಟಿಯಾದ ಗುಂಡು ಒಳಗೆ ಕೂತು ನೂಲನ್ನೇ ಕೊರೆಯುತ್ತದೆ.

ತೂರಿಸುವ ಸಾಧನಕ್ಕೆ ಫಿಡ್ ಅನ್ನುತ್ತಾರೆ, ಒಂದು ಕಡೆ ಚೂಪಾದ ಟೊಳ್ಳು ಅಲ್ಯೂಮಿನಿಯಮ್ ಕೊಳವೆ. ತೋಟದಲ್ಲಿ ಅದು ಇರುವುದಿಲ್ಲ. ಅದಕ್ಕೇ ಅವರೆದುರು ಬೈಂಡಿಂಗ್ ವೈರನ್ನು ಜೋಡಿಯಾಗಿ ಮಡಚಿ ಬಳಸಿದೆ. ವೈರನ್ನು ಮೂರನೆಯ ಗುರುತಿನಿಂದ ಒಳಗೆ ಬಿಟ್ಟು ಎರಡನೆಯ ಗುರುತಿನಲ್ಲಿ ಹೊರತೆಗೆದು, ಅದರ ಮಡಿಕೆಯಲ್ಲಿ ಬಾಲದ ಎರಡು ಎಳೆ ಸಿಕ್ಕಿಸಿ ಇನ್ಸುಲೇಶನ್ ಟೇಪ್ ಸುತ್ತಿ, ಹಿಂದಕ್ಕೆ ಎಳೆಯುವುದು. ವೈರು ಒಳಗೆ ಹೋಗುವಾಗ ಎಳೆಗಳ ನಡುವೆಯೇ ಸಾಗಬೇಕು, ಯಾವುದೇ ಎಳೆಯನ್ನು ಸೀಳಬಾರದು. ಬೆರಳ ತುದಿಗೆ ಇದು ತಿಳಿಯುತ್ತದೆ: ಸೀಳಿದಾಗ ವೈರು ಅಂಟಿಕೊಂಡಂತೆ ತಡೆಯುತ್ತದೆ. ಜಡೆಯನ್ನು ಎರಡೂ ಕಡೆಯಿಂದ ಒಳಕ್ಕೆ ನೂಕಿ ಉಬ್ಬಿಸಿಕೊಂಡರೆ ದಾರಿ ತಾನೇ ಅಗಲವಾಗುತ್ತದೆ. ಬಾಲ ಎಳೆಯುವ ಮುಂಚೆ ಕುಣಿಕೆಯ ಭಾಗಕ್ಕೆ ನೈಲಾನ್ ಪಟ್ಟಿಯ ಕೊಳವೆ ತೊಡಿಸಿದೆ. ಕುಣಿಕೆ ಮುಚ್ಚಿದ ಮೇಲೆ ಅದು ಒಳಗೆ ಹೋಗುವುದಿಲ್ಲ.

ಮೊದಲ ಗುರುತು ಎರಡನೆಯದಕ್ಕೆ ಬಂದು ಸೇರುವವರೆಗೂ ಬಾಲ ಎಳೆದಾಗ ಹೊರಜಡೆ ಸುಕ್ಕಾಗಿ ಕುಳ್ಳಗೆ ದಪ್ಪಗೆ ನಿಂತಿತು, ಬಾಲದ ತುದಿ ಮೂರನೆಯ ಗುರುತಿನಲ್ಲಿ ಹೊರಗೆ ಇಣುಕುತ್ತಿತ್ತು. ಟೇಪ್ ಕಿತ್ತು, ಕುಣಿಕೆಯ ಬುಡವನ್ನು ಎಡಗೈಯಲ್ಲಿ ಗಟ್ಟಿ ಹಿಡಿದು, ಬಲಗೈಯಲ್ಲಿ ಹಗ್ಗವನ್ನು ಡ್ರಮ್ಮಿನ ಕಡೆಗೆ ನೀವುತ್ತಾ ಹೋದರೆ ಸುಕ್ಕು ಬಿಚ್ಚುತ್ತದೆ, ಹೊರಜಡೆ ಉದ್ದವಾಗುತ್ತದೆ, ಬಾಲ ತಾನಾಗಿ ಒಳಗೆ ಮಾಯವಾಗುತ್ತದೆ. ಅವಸರ ಮಾಡದೆ ಮತ್ತೆ ಮತ್ತೆ ನೀವಬೇಕು, ಒಂದು ಚೂರು ಸಡಿಲವೂ ಉಳಿಯಬಾರದು. ಒಳಗಿನ ಬಾಲ, ಹೊರಗಿನ ಜಡೆ ಭಾರ ಹಂಚಿಕೊಳ್ಳುವುದು ಈ ನೀವುವಿಕೆಯಿಂದಲೇ.

ಆಗಲೇ ಡ್ರೈವರ್ ಕೇಳಿದ್ದು: "ಗಂಟೇ ಇಲ್ವಲ್ಲಣ್ಣ. ಎಳುದ್ರೆ ಬಿಟ್ಕಳಲ್ವಾ?"

ಉತ್ತರವಾಗಿ ಕುಣಿಕೆಯ ಬುಡವನ್ನು ಅವನ ಕೈಗೆ ಕೊಟ್ಟು, ಹೊರಜಡೆಯನ್ನು ಸುಮ್ಮನೆ ಹಿಂದಕ್ಕೆ ನೂಕಿ ತೋರಿಸಿದೆ. ಬಾಲ ಸಲೀಸಾಗಿ ಹೊರಗೆ ಬರತೊಡಗಿತು. ಅವನ ಅನುಮಾನ ನಿಜವೇ. ಭಾರ ಇಲ್ಲದಾಗ ಈ ಸ್ಪ್ಲೈಸು ಬಿಟ್ಟುಕೊಳ್ಳುತ್ತದೆ. ಜೀಪು ಕುಲುಕುವಾಗ, ಹಗ್ಗ ಸಡಿಲವಾಗಿ ನೆಲದಲ್ಲಿ ಎಳೆದಾಡುವಾಗ ಬಾಲ ಇಂಚಿಂಚಾಗಿ ಜಾರದಿರಲಿ ಎಂದೇ ಹೊಲಿಗೆ. ಮತ್ತೆ ನೀವಿ ಸರಿಪಡಿಸಿ, ಮೂಟೆ ಹೊಲಿಯುವ ದಬ್ಬಣ ತರಿಸಿದೆ. ಅದರ ಮೊನೆ ನೂಲನ್ನು ಕತ್ತರಿಸುವಷ್ಟು ಹರಿತ. ಕಣದ ಅಂಚಿನ ಕಲ್ಲಿಗೆ ಉಜ್ಜಿ ಮೊಂಡು ಮಾಡಿದ ಮೇಲೆಯೇ ಮೇಣ ಹಚ್ಚಿದ ದಾರ ಪೋಣಿಸಿದ್ದು. ಬುಡದಿಂದ ಸುಮಾರು 10 ಸೆಂ.ಮೀ. ಉದ್ದಕ್ಕೆ ಹೊರಜಡೆ ಮತ್ತು ಒಳಬಾಲ ಎರಡನ್ನೂ ಹಾದು ಹೋಗುವ ಹೊಲಿಗೆ, ಆಮೇಲೆ ಹಗ್ಗವನ್ನು ಕಾಲು ಸುತ್ತು ತಿರುಗಿಸಿ ವಾಪಸ್ ಬುಡದವರೆಗೆ ಇನ್ನೊಂದು ಸಾಲು. ದಾರ ಬಿಗಿಯಾಗಿ ಜಗ್ಗಬಾರದು. ಜಡೆ ಸಣ್ಣಗಾಗಿ ಹಿಸುಕುವುದಕ್ಕೆ ಅವಕಾಶ ಬೇಕು.

ಎಳೆದು ನೋಡಿದ್ದು

ಕತ್ತರಿಸಿ ತೆಗೆದ ಐದು ಮೀಟರಿನಲ್ಲಿ ನಾಲ್ಕು ಮೀಟರಿನಷ್ಟು ಚೆನ್ನಾಗಿಯೇ ಇತ್ತು. ಅದರ ಒಂದು ತುದಿಗೆ ಗಂಗೊಳ್ಳಿಯವರು 80 ಸೆಂ.ಮೀ. ಬಾಲದ ಕುಣಿಕೆ ಮಾಡಿದರು; ಹಗ್ಗದ ಜೊತೆ ಬೆಳೆದ ಕೈ, ನನಗಿಂತ ನೀಟಾಗಿ ಬಂತು. ಇನ್ನೊಂದು ತುದಿಗೆ ಬೇಕೆಂದೇ 15 ಸೆಂ.ಮೀ. ಬಾಲ ಬಿಟ್ಟು, ಚೂಪು ಮಾಡದೆ, ಹೊಲಿಗೆ ಮಾತ್ರ ಹಾಕಿಸಿದೆ. ಹೊರಗಿನಿಂದ ಎರಡೂ ಒಂದೇ ತರ. ಮರದ ಬುಡಕ್ಕೂ ವಿಂಚಿನ ಹಗ್ಗಕ್ಕೂ ನಡುವೆ ಆ ತುಂಡು ಸೇರಿಸಿ, ಜೋಡಣೆಗೆಲ್ಲ ಸಾಫ್ಟ್ ಶ್ಯಾಕಲ್ ಹಾಕಿ, ಮೇಲೆ ಒದ್ದೆ ಗೋಣಿಚೀಲಗಳನ್ನು ಹೊದಿಸಿ, ಎಲ್ಲರನ್ನೂ ಹಗ್ಗದ ಸಾಲಿನಿಂದ ಪಕ್ಕಕ್ಕೆ ಕಳಿಸಿ ಎಳೆಯಲಾಯಿತು.

ಗಿಡ್ಡ ಬಾಲದ ಕುಣಿಕೆ ಕೈಯಲ್ಲಿ ಜಗ್ಗಿದಾಗ ಭದ್ರವಾಗಿತ್ತು, ಇಬ್ಬರು ತೂಗಿದರೂ ಅಲುಗಲಿಲ್ಲ. ವಿಂಚಿನ ಮೋಟರು ಭಾರಕ್ಕೆ ದನಿ ಬದಲಿಸುವ ಹೊತ್ತಿಗೆ ಹೊಲಿಗೆ ಪಟಪಟ ಕಿತ್ತು ಬಾಲ ಹೊರಗೆ ಬಂತು. ಉದ್ದ ಬಾಲದ ಕುಣಿಕೆ ಹಾಗೇ ಇತ್ತು. ಗಿಡ್ಡದ್ದನ್ನು ಕತ್ತರಿಸಿ ಅಲ್ಲೂ ಉದ್ದ ಬಾಲದ್ದು ಮಾಡಿ ಮತ್ತೆ ಎಳೆದಾಗ ಬ್ರೇಕ್ ಹಾಕಿದ ಜೀಪೇ ಮರದ ಕಡೆಗೆ ಕಣದ ಮೇಲೆ ಜಾರಿತು, ಕುಣಿಕೆಗಳು ಅಲುಗಲಿಲ್ಲ. ಪಾಲಿಯೆಸ್ಟರ್ ಹಗ್ಗಕ್ಕೆ ಇಷ್ಟು ಉದ್ದ ಬೇಡ, ಅದರ ಮೈಯಲ್ಲಿ ತಡೆ ಜಾಸ್ತಿ. ಇದರ ಮೈ ಜಾರು, ಅದನ್ನು ಉದ್ದದಲ್ಲಿ ತುಂಬಿಕೊಳ್ಳಬೇಕು.

ಡ್ರಮ್ಮಿಗೆ ಮತ್ತೆ ಸುತ್ತುವ ಕೆಲಸವನ್ನು ಬೇಕಾಬಿಟ್ಟಿ ಮಾಡಲಾಗದು. ಸಡಿಲವಾಗಿ ಸುತ್ತಿದ ಸಿಂಥೆಟಿಕ್ ಹಗ್ಗ ಭಾರ ಬಿದ್ದಾಗ ಕೆಳಗಿನ ಪದರಗಳ ನಡುವೆ ಹೂತು ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಏರಿನಲ್ಲಿ ಜೀಪು ತನ್ನನ್ನೇ ಎಳೆದುಕೊಂಡು ಬರುವಂತೆ ಮಾಡಿ, ಬಿಗಿಯಾಗಿ ಸುತ್ತಿದೆವು. ಕುಣಿಕೆಗೆ ಮೊದಲ ಭಾರ ಹಗುರವಾಗಿ ಬೀಳಬೇಕು, ಅದೂ ಇದರಲ್ಲೇ ಆಯಿತು. ಡ್ರಮ್ಮಿನ ಕಡೆಯ ತುದಿಯ ಸ್ಕ್ರೂ ಹಗ್ಗವನ್ನು ಜಾಗದಲ್ಲಿ ಇಡಲು ಮಾತ್ರ. ಭಾರ ಹಿಡಿಯುವುದು ಸುತ್ತುಗಳು. ವೈರ್ ರೋಪಿಗೆ ಐದು ಸುತ್ತು ಸಾಕಾದರೆ ಈ ಜಾರು ಹಗ್ಗಕ್ಕೆ ಹತ್ತು ಉಳಿಸಬೇಕು. ಹತ್ತು ಸುತ್ತಿಗೆ ಎರಡೂಕಾಲು ಮೀಟರ್ ಹೋಗುತ್ತದೆ. ಹತ್ತನೆಯ ಸುತ್ತಿನ ಜಾಗದಲ್ಲಿ ಕೆಂಪು ಬಣ್ಣ ಹಚ್ಚಿಸಿದೆ. ಸ್ಪ್ಲೈಸಿಗೆ ಹೋದದ್ದು, ಡ್ರಮ್ಮಿನಲ್ಲಿ ಉಳಿಯುವುದು ಕಳೆದು ತೋಟಕ್ಕೆ ಈಗ ಸಿಗುವ ಎಳೆತದ ಉದ್ದ ಸುಮಾರು 17 ಮೀಟರ್.

ಮಳೆಗಾಲ ಮುಗಿದ ಮೇಲೆ ಹಗ್ಗ ಮತ್ತೆ ನೋಡಿದೆ. ಕುಣಿಕೆಯ ನೈಲಾನ್ ಕೊಳವೆ ಎರಡು ಕಡೆ ತೂತಾಗಿತ್ತು, ಒಳಗಿನ ಹಗ್ಗ ಚೆನ್ನಾಗಿತ್ತು. ಹೊಲಿಗೆಯ ಒಂದು ಸಾಲು ಸವೆದದ್ದನ್ನು ಗಂಗೊಳ್ಳಿಯವರು ಆಗಲೇ ಕಿತ್ತು ಹೊಸದಾಗಿ ಹಾಕಿದ್ದರು. ಹಾಸ್ ಫೇರ್‌ಲೀಡ್ ಬಂದಿದೆ. ದಿಮ್ಮಿಗೆ ಹಗ್ಗವನ್ನೇ ನೇರ ಸುತ್ತುವ ಅಭ್ಯಾಸ ಬಿಟ್ಟು ಸರಪಳಿ ಸುತ್ತಿ ಅದಕ್ಕೆ ಶ್ಯಾಕಲ್ ಹಾಕುತ್ತಿದ್ದಾರೆ. ಗೌಡರು ಮಾತ್ರ ಹಳೆಯ ಕೊಕ್ಕೆಯನ್ನು ಜೀಪಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದಾರೆ. ಶ್ಯಾಕಲ್ಲಿನ ಪಿನ್ನು ತಿರುಗಿಸುವಷ್ಟು ಪುರಸೊತ್ತು ಯಾರಿಗಿದೆ ಎಂಬುದು ಅವರ ತಕರಾರು, ಮುಂದಿನ ಮಳೆಗಾಲದ ಹೊತ್ತಿಗೆ ತಿಂಬಲ್ ಹಾಕಿದ ಇನ್ನೊಂದು ಗಿಡ್ಡ ಹಗ್ಗ ಮಾಡಿಕೊಡಬೇಕಂತೆ. ಮಾಡಿಕೊಡಬಹುದು, ಬಾಲ 80 ಸೆಂ.ಮೀ. ಇರುವುದಾದರೆ.